ಸತ್ಯಾಂಶ: ಕಣ್ಣಿನ ತುರಿಕೆಗೆ ‘ಯಾವ ಡ್ರಾಪ್ಸ್ ಆದರೂ ನಡೀತದ’ ಎಂಬುದು ತಪ್ಪು

‘ಧೂಳಿನಿಂದ ಕಣ್ಣು ಕೆಂಪಾದರೆ ಮನೆಯಲ್ಲಿರುವ ಯಾವುದೇ ಡ್ರಾಪ್ಸ್ 3-4 ಹನಿ ಹಾಕಿ’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಅಲರ್ಜಿಯ ಮುಖ್ಯ ಗುರುತು ತುರಿಕೆ, ಸಾಮಾನ್ಯವಾಗಿ ಎರಡೂ ಕಣ್ಣಲ್ಲಿ. ಅದಕ್ಕೆ ಒಲೊಪಟಡಿನ್‌ನಂಥ ಆಂಟಿಹಿಸ್ಟಮಿನ್ (ಅಲರ್ಜಿ ತಗ್ಗಿಸುವ) ಹನಿ: ಶೇ 0.1ರದ್ದು ದಿನಕ್ಕೆ ಎರಡು ಸಲ, ಶೇ 0.2ರದ್ದು ಒಂದೇ ಸಲ. ಸೀಸೆಯ ಮೇಲಿನ ಈ ಅಂಕಿಯನ್ನು ಯಾರೂ ನೋಡುವುದಿಲ್ಲ! ಹಳೆಯ ಚೀಟಿಯ ಸ್ಟಿರಾಯ್ಡ್ ಹನಿ ಬೇಗ ಆರಾಮ ಕೊಡುತ್ತದೆ ನಿಜ. ವೈದ್ಯರ ನಿಗಾ ಇಲ್ಲದೆ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ದೃಷ್ಟಿನರ ಹಾಳಾಗುವ ರೋಗ) ಆಗಬಹುದು, ಪೊರೆಯೂ ಬರಬಹುದು.

ಒಂದೇ ಹನಿ ಸಾಕು. ಕಣ್ಣಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಉಳಿದದ್ದು ಕೆನ್ನೆಗೆ. ಕೈ ತೊಳೆದು, ಕೆಳರೆಪ್ಪೆ ಎಳೆದು, ಸೀಸೆಯ ತುದಿ ರೆಪ್ಪೆಗೆ ತಾಗದಂತೆ ಹಾಕಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿಹಿಡಿಯಿರಿ. ಇಲ್ಲದಿದ್ದರೆ ಹನಿ ಮೂಗಿನೊಳಗಿಂದ ಇಳಿದು ಗಂಟಲಲ್ಲಿ ಕಹಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲೇ ತೆಗೆದು, ಹನಿ ಹಾಕಿದ 15 ನಿಮಿಷ ಬಿಟ್ಟು ಲೆನ್ಸ್ ಮತ್ತೆ ಹಾಕಿಕೊಳ್ಳಿ. ತೆರೆದ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರದ ನಂತರ ಬಳಸಬಾರದು.

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಘಾಟು ಅಲರ್ಜಿಯಲ್ಲ, ಉರಿ. ಮೊದಲು ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ನೋವು, ಕೀವು, ಮಂಜಾಗಿ ಕಾಣುವುದು, ಬೆಳಕು ಚುಚ್ಚುವುದು ಇದ್ದರೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.