ಹಾಸನದ ಎಂಸಿಎಫ್‌ನಲ್ಲಿ ನೆಟ್‌ಫ್ಲಿಕ್ಸ್ ಸರ್ವರ್ ಇಲ್ಲ

"ಅಮೆಜಾನ್, ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳ ಸರ್ವರ್ ಇರೋದು ನಮ್ಮ ಹಾಸನದ ಎಂಸಿಎಫ್‌ನಲ್ಲಿ, ಎಲ್ಲ ಉಪಗ್ರಹದಿಂದಲೇ ಬರುತ್ತೆ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಎಂಸಿಎಫ್ ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಇಸ್ರೋದ ಕೇಂದ್ರ. ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ದಾರಿ ತಪ್ಪದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅಲ್ಲಿನ ದೊಡ್ಡ ಆಂಟೆನಾಗಳು ಇರುವುದೂ ಅದಕ್ಕೇ. ಊರಿಗೆ ಹೆಮ್ಮೆ ತರುವ ಕೆಲಸ ಇದು. ಇದಕ್ಕೆ ಇಲ್ಲದ್ದನ್ನು ಸೇರಿಸಬೇಕಿಲ್ಲ.

ಇನ್ನು ನೆಟ್‌ಫ್ಲಿಕ್ಸ್ ವಿಷಯ. ಅದು ಮೊದಲು ಸ್ವಂತ ಡೇಟಾ ಸೆಂಟರ್ (ಸರ್ವರ್‌ಗಳನ್ನು ಇಡುವ ಜಾಗ) ಇಟ್ಟುಕೊಂಡಿತ್ತು. ಆಗ ಸಿನಿಮಾ ಡಿವಿಡಿಗಳನ್ನು ಅಂಚೆಯಲ್ಲೂ ಕಳಿಸುತ್ತಿತ್ತು. 2008ರಲ್ಲಿ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗಲಿಲ್ಲ. ಆಮೇಲೆ ಒಂದೊಂದೇ ಭಾಗವನ್ನು ಅಮೆಜಾನ್ ಕ್ಲೌಡ್‌ಗೆ, ಅಂದರೆ ಅಮೆಜಾನ್ ಬಾಡಿಗೆಗೆ ಕೊಡುವ ಸರ್ವರ್‌ಗಳಿಗೆ ಸಾಗಿಸಿ, 2016ಕ್ಕೆ ಮುಗಿಸಿತು. ಲಾಗಿನ್, ಹುಡುಕಾಟ ಎಲ್ಲ ಅಲ್ಲಿಯೇ. ಸಿನಿಮಾ ಫೈಲ್ ಮಾತ್ರ ಬೇರೆ. ಅದಕ್ಕೆ ನೆಟ್‌ಫ್ಲಿಕ್ಸ್ ತನ್ನದೇ ಸರ್ವರ್ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಕಟ್ಟಡಗಳಲ್ಲೇ ಇಡುತ್ತದೆ. ಜಾಸ್ತಿ ಜನ ನೋಡುವ ಸಿನಿಮಾಗಳನ್ನು ಮೊದಲೇ ಅದರಲ್ಲಿ ತುಂಬಿರುತ್ತದೆ.

ಅಮೆಜಾನ್ ಕ್ಲೌಡ್‌ನ ಡೇಟಾ ಸೆಂಟರ್‌ಗಳು ಭಾರತದಲ್ಲೂ ಇವೆ. ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ. ಅಲ್ಲಿಂದ ಹಾಸನಕ್ಕೆ ಡೇಟಾ ಬರುವುದು ನೆಲದಡಿಯ ಫೈಬರ್ ಕೇಬಲ್‌ನಲ್ಲಿ. ಹಾಗಾಗಿ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ನೆಟ್ ನಿಧಾನ ಆದರೆ ಸುಮ್ನೆ ಎಂಸಿಎಫ್ ಕಡೆ ಬೊಟ್ಟು ಮಾಡಬೇಡಿ. ಕನೆಕ್ಷನ್ ಕೊಟ್ಟವರನ್ನೇ ಕೇಳಿ.