ದಾರಿ ಬಿಡ್ರಪ್ಪಾ!

ನಿನ್ನೆ ರಾತ್ರಿ ಊಟ ಮುಗಿಸಿ, ಕಳೆದ ವರ್ಷದ ಪುರುಷರ ಸ್ಕ್ವಾಷ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯಗಳನ್ನ ಯೂಟ್ಯೂಬಲ್ಲಿ ಹಾಕ್ಕೊಂಡು ಕೂತಿದ್ದೆ. ಪಕ್ಕದಲ್ಲಿ ಅಮ್ಮ. ಸ್ವಲ್ಪ ಹೊತ್ತು ಸುಮ್ನೆ ನೋಡಿ ಕೇಳಿದ್ರು: "ಇವರು ಆಟ ಆಡ್ತಿದಾರೋ, ಅರ್ಜಿ ಹಾಕ್ತಿದಾರೋ? ನಾಲ್ಕು ಸಲ ಹೊಡೆಯೋದು, ಕೈ ಎತ್ತೋದು, ಹಿಂದೆ ತಿರುಗಿ ಯಾರನ್ನೋ ಕೇಳೋದು!"

ನಾನು ಎಷ್ಟೋ ಕಾಲದಿಂದ ಗೊಣಗ್ತಾ ಇರೋದೂ ಇದನ್ನೇ. ನನ್ನ ಗೊಣಗಾಟ ಕೇಳಿ ಸಾಕಾಗಿರೋರು ಇಲ್ಲಿಂದಲೇ ಸ್ಕ್ರಾಲ್ ಮಾಡ್ಕೊಂಡು ಹೋಗಬಹುದು, ಬೇಜಾರಿಲ್ಲ.

ಗೊತ್ತಿಲ್ಲದೋರಿಗೆ: 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಡಬ್ಬಿಯೊಳಗೆ ಇಬ್ಬರು. ನಡುವೆ ನೆಟ್ ಇಲ್ಲ, ಇಬ್ಬರೂ ಸರದಿ ಪ್ರಕಾರ ಮುಂದಿನ ಗೋಡೆಗೆ ಚೆಂಡು ಹೊಡೀಬೇಕು. ನೀವು ಹೊಡೆದಾದ ಮೇಲೆ ಎದುರಾಳಿ ನೇರವಾಗಿ ಚೆಂಡಿನ ಹತ್ತಿರ ಹೋಗೋಕೆ ದಾರಿ ಬಿಡಬೇಕು. ಬಿಡದಿದ್ರೆ ಅವನು ಆಟ ನಿಲ್ಲಿಸಿ ರೆಫರಿಯನ್ನ ಕೇಳ್ತಾನೆ. 'ಲೆಟ್' ಅಂದ್ರೆ ಪಾಯಿಂಟ್ ಮತ್ತೆ ಆಡಿ. 'ಸ್ಟ್ರೋಕ್' ಅಂದ್ರೆ ಅಡ್ಡ ಬಂದವನ ಪಾಯಿಂಟ್ ಹೋಯ್ತು. 'ನೋ ಲೆಟ್' ಅಂದ್ರೆ ಸುಮ್ನೆ ಕೈ ಎತ್ತಿದ್ದಕ್ಕೆ ಕೇಳಿದವನ ಪಾಯಿಂಟೇ ಹೋಯ್ತು.

ಈಗ ಕಳ್ಳಾಟ ನೋಡಿ. ಒಬ್ಬ ಆಟಗಾರ ಮುಂದಿನ ಗೋಡೆ ಹತ್ತಿರವೇ ಬೀಳೋ ಹಾಗೆ ಮೆಲ್ಲಗೆ ಒಂದು ಡ್ರಾಪ್ ಹಾಕ್ತಾನೆ. ಎದೆ, ತಲೆ, ರ‍್ಯಾಕೆಟ್ ಎಲ್ಲಾ ಪಕ್ಕಕ್ಕೆ ಸರೀತವೆ. ಸೊಂಟ ಮಾತ್ರ ಅಲ್ಲೇ ಉಳಿಯುತ್ತೆ. ಓಡಿ ಬರೋನು ಆ ಸೊಂಟ ಸುತ್ತಿ ಹೋಗಬೇಕು, ಅಷ್ಟರಲ್ಲಿ ಚೆಂಡು ಎರಡನೇ ಸಲ ನೆಲ ಮುಟ್ಟಿರುತ್ತೆ, ಅಂದ್ರೆ ಪಾಯಿಂಟ್ ಹೋಯ್ತು. ಮುಖ ನೋಡಿದ್ರೆ ಏನೂ ಅರಿಯದ ಪಾಪದವನು! ಬಿಎಂಟಿಸಿ ಬಸ್ಸಿನ ಬಾಗಿಲಲ್ಲಿ ಅಡ್ಡ ನಿಂತು "ಹೋಗಿ ಸಾರ್, ನಾನೇನು ತಡೆದಿದೀನಾ" ಅನ್ನೋರ ಥರ.

ಹೌದು, ಈಜಿಪ್ಟಿನ ಮೊಸ್ತಫಾ ಅಸಲ್ ಹೆಸರು ಎತ್ತಲೇಬೇಕು. 2025ರ ಮೇನಲ್ಲಿ ಶಿಕಾಗೋದಲ್ಲಿ ಅಲಿ ಫರಾಗ್‌ನ ಸೋಲಿಸಿ ವಿಶ್ವ ಚಾಂಪಿಯನ್ ಆದವನು. ಅದಕ್ಕೂ ಮುಂಚೆ ವೃತ್ತಿಪರ ಸ್ಕ್ವಾಷ್ ಟೂರ್ ನಡೆಸೋ ಪಿಎಸ್‌ಎ ಅವನನ್ನ ಒಂದಕ್ಕಿಂತ ಹೆಚ್ಚು ಸಲ ಅಮಾನತು ಮಾಡಿತ್ತು. ಆಮೇಲೆ ಇಂಗ್ಲೆಂಡಿನ ಮಾಜಿ ವಿಶ್ವ ನಂಬರ್ ಒನ್ ಜೇಮ್ಸ್ ವಿಲ್‌ಸ್ಟ್ರಾಪ್ ಹತ್ತಿರ ತರಬೇತಿ ತಗೊಂಡ, ಓಡಾಟ ಸುಧಾರಿಸಿದೆ ಅಂತಾರೆ. ಇರಬಹುದು. ನನ್ನ ಸಂಕಟ ಬೇರೆ: ಈ ಹುಡುಗನ ಫೋರ್‌ಹ್ಯಾಂಡ್ ಕಂಡ್ರೆ ನನಗೆ ಪ್ರಾಣ. ಟಿನ್‌ಗೆ (ಮುಂದಿನ ಗೋಡೆ ಬುಡದ ಪಟ್ಟಿ, ತಾಗಿದ್ರೆ ಪಾಯಿಂಟ್ ಹೋಯ್ತು) ಇನ್ನೇನು ತಾಗಿತು ಅನ್ನೋವಷ್ಟು ಕೆಳಗೆ ಹೊಡೆದು ಸಾಯಿಸ್ತಾನೆ. ಅಡ್ಡ ನಿಲ್ಲದೆಯೂ ಗೆಲ್ಲೋ ತಾಕತ್ತಿರೋನು ಅಡ್ಡ ನಿಂತಾಗ ಮೈ ಉರಿಯುತ್ತೆ.

"ಅಷ್ಟು ಚಿಕ್ಕ ಜಾಗದಲ್ಲಿ ಮೈ ತಾಗದೆ ಇರುತ್ತಾ?" ಅಂತ ನಮ್ಮ ಭಾನುವಾರದ ಗ್ಯಾಂಗ್‌ನ ಮಹಾನುಭಾವರೊಬ್ಬರು ವಾದ ಮಾಡ್ತಾರೆ. (ಅವರ ಮೊಣಕೈ ನನ್ನ ಪಕ್ಕೆಲುಬಿಗೆ ಚೆನ್ನಾಗಿ ಪರಿಚಯ.) ಸ್ವಾಮೀ, ಅಷ್ಟೇ ಚಿಕ್ಕ ಜಾಗದಲ್ಲಿ ತಾನೇ ಫರಾಗ್ 2019, 2021, 2022, 2023ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು? ಹೊಡೆದ ಮರುಕ್ಷಣ ಅಲ್ಲಿರ್ತಾನೇ ಇರ್ಲಿಲ್ಲ. 2024ರಲ್ಲಿ ಕೈರೋದಲ್ಲಿ ಇದೇ ಅಸಲ್‌ನ ಫೈನಲ್‌ನಲ್ಲಿ ಸೋಲಿಸಿದ ಪೆರುವಿನ ಡಿಯೆಗೊ ಎಲಿಯಾಸ್, ದಕ್ಷಿಣ ಅಮೆರಿಕದ ಮೊದಲ ವಿಶ್ವ ಚಾಂಪಿಯನ್, ಆರಡಿ ದಾಟಿದ ಆಳು. ಅವನ ಕಾಲಿಗೆ ಜಾಗ ಸಿಕ್ತಲ್ಲ? ಇನ್ನು ಪಾಕಿಸ್ತಾನದ ಹಳೇ ದಿಗ್ಗಜರ ಹೆಸರು ಹೇಳಿ "ಜಹಾಂಗೀರ್, ಜಾನ್‌ಶೇರ್ ಕಾಲದಲ್ಲೂ ಜಗಳ ಇತ್ತು" ಅನ್ನೋರಿಗೆ: ಇತ್ತು. ಆಗಲೂ ತಪ್ಪೇ.

ನಿಜ ಹೇಳಬೇಕು ಅಂದ್ರೆ ನನಗೆ ಆಟಗಾರರಿಗಿಂತ ರೆಫರಿಗಳ ಮೇಲೇ ಜಾಸ್ತಿ ಕೋಪ. ಕಣ್ಣೆದುರಿಗೇ ಅಡ್ಡ ನಿಂತಿದ್ರೂ 'ಯೆಸ್ ಲೆಟ್' ಅಂದ್ಬಿಡ್ತಾರೆ. ಇವನಿಗೂ ಬೇಜಾರಿಲ್ಲ, ಅವನಿಗೂ ಬೇಜಾರಿಲ್ಲ. ಪಂಚಾಯ್ತಿ ಮುಗೀತು. ಅಡ್ಡ ನಿಂತವನಿಗೆ ನಷ್ಟ ಏನು? ಸೊನ್ನೆ. ಎದುರಾಳಿ ಗೆಲ್ಲಬೇಕಿದ್ದ ಪಾಯಿಂಟ್ ಮತ್ತೆ ಮೊದಲಿಂದ! ಮೇಲೆ ವಿಡಿಯೊ ರೆಫರಿ. ನಾಲ್ಕು ಕೋನದಿಂದ ಅದೇ ಸೊಂಟ, ನಿಧಾನಗತಿಯಲ್ಲಿ.

ಇದೆಲ್ಲಾ ದೊಡ್ಡೋರ ಆಟ, ನಮಗೇನು ಅನ್ನಬೇಡಿ. ನಮ್ಮ ಕೋರ್ಟಿಗೆ ಬರೋ ಒಬ್ಬ ಪುಟ್ಟ ಹುಡುಗನಿಗೆ ಬ್ಯಾಕ್‌ಹ್ಯಾಂಡ್ ಇನ್ನೂ ಗೋಡೆ ಮುಟ್ಟಲ್ಲ, ಕೈ ಎತ್ತೋದು ಮಾತ್ರ ಪಕ್ಕಾ. ಎರಡು ಹೆಜ್ಜೆ ಓಡಿ, ನನ್ನ ಬೆನ್ನಿಗೆ ಮೆತ್ತಗೆ ಒರಗಿ, "ಅಂಕಲ್, ಲೆಟ್!" ಚೆಂಡು ಎಲ್ಲೋ ಇರುತ್ತೆ, ಇವನೆಲ್ಲೋ.

2023ರಲ್ಲಿ ಮುಂಬೈನಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ (ಐಒಸಿ) ಸಭೆಯಲ್ಲಿ ಸ್ಕ್ವಾಷ್‌ಗೆ ಒಲಿಂಪಿಕ್ಸ್ ಬಾಗಿಲು ತೆರೀತು. 2028ಕ್ಕೆ ಲಾಸ್ ಏಂಜಲೀಸ್. 2025ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಜೋಷ್ನಾ ಚಿನ್ನಪ್ಪ, ಅನಾಹತ್ ಸಿಂಗ್, ಅಭಯ್ ಸಿಂಗ್ ಇದ್ದ ನಮ್ಮ ತಂಡ ವಿಶ್ವಕಪ್ ಗೆದ್ದಾಗ, ಸ್ಕ್ವಾಷ್ ಅಂದ್ರೇನು ಅಂತ ಗೊತ್ತಿಲ್ಲದ ನೀವೂ ಶೇರ್ ಮಾಡಿದ್ರಿ. ಸಂತೋಷ. ಒಲಿಂಪಿಕ್ಸ್‌ಗೆ ಇನ್ನೂ ಎಷ್ಟೋ ಜನ ಮೊದಲ ಸಲ ನೋಡ್ತಾರೆ. ಅವರ ಕಣ್ಣಿಗೂ ಅರ್ಜಿ ವಿಚಾರಣೆಯೇ ಬಿದ್ರೆ, ಐದೇ ನಿಮಿಷಕ್ಕೆ ಚಾನೆಲ್ ಬದಲು.

ಹೊಸ ನಿಯಮ ಏನೂ ಬೇಡ. ಇರೋ ಪುಸ್ತಕದಲ್ಲೇ ಸ್ಟ್ರೋಕ್ ಇದೆ. ಫೈನಲ್ ಇರಲಿ, ಮ್ಯಾಚ್ ಪಾಯಿಂಟ್ ಇರಲಿ, ಸೊಂಟ ಕಂಡ್ರೆ ಪಾಯಿಂಟ್ ಕಿತ್ಕೊಳ್ಳಿ. ಒಂದು ಗೇಮ್‌ನಲ್ಲಿ ಮೂರು ಸಲ ಹೀಗೆ ಮಾಡಿ ನೋಡಿ, ನಾಲ್ಕನೇ ಸಲ ಎಂಥವನೂ ತಾನಾಗೇ ಸರೀತಾನೆ.