ಲೋಕಾಯುಕ್ತರು ಇರಬೇಕು, ಆದರೆ ಕೂತಿರಬಾರದು

2021ರ ನವೆಂಬರ್‌ನಲ್ಲಿ ಕಲಬುರಗಿಯ ಒಬ್ಬ ಜೂನಿಯರ್ ಎಂಜಿನಿಯರ್ ಮನೆ ಮೇಲೆ ದಾಳಿ ನಡೆಯಿತು. ಪ್ಲಂಬರ್ ಕರೆಸಿ ಪೈಪು ಕೊಯ್ಯಿಸಿದರೆ ಒಳಗಿಂದ ನೋಟಿನ ಕಂತೆ ಬಂತು. ಆ ವಿಡಿಯೊ ಇಡೀ ದೇಶ ನೋಡಿತು. ನಲ್ಲಿಯಲ್ಲಿ ನೀರೇ ಸರಿಯಾಗಿ ಬರದ ನಾಡಿನಲ್ಲಿ ಇಂಥ ಪೈಪು ಕಂಡರೆ ಯಾರಿಗೆ ಹೊಟ್ಟೆ ಉರಿಯಲ್ಲ ಹೇಳಿ?

ದಾಳಿ ಮಾಡಿದ್ದು ಲೋಕಾಯುಕ್ತ ಪೊಲೀಸರಲ್ಲ, ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ. ಲೋಕಾಯುಕ್ತ ಇದ್ದ ಮೇಲೆ ಇದು ಎಲ್ಲಿಂದ ಬಂತು ಅಂತೀರಾ? ಅದೊಂದು ದೊಡ್ಡ ಕಥೆ.

ನಮ್ಮ ಲೋಕಾಯುಕ್ತ ಕಾಯ್ದೆ 1984ರದು. 1986ರಲ್ಲಿ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರಾದರು. ಆಮೇಲೆ ಸುಮಾರು ಹದಿನೈದು ವರ್ಷ ಸಾಹೇಬರುಗಳ ನಿದ್ದೆ ಕೆಡಿಸುವಂಥದ್ದೇನೂ ಆಗಲಿಲ್ಲ. 2001ರಲ್ಲಿ ನ್ಯಾಯಮೂರ್ತಿ ವೆಂಕಟಾಚಲ ಬಂದರು ನೋಡಿ, ಹೇಳದೆ ಕೇಳದೆ ಆಸ್ಪತ್ರೆ, ಕಚೇರಿಗಳಿಗೆ ನುಗ್ಗೋಕೆ ಶುರು ಮಾಡಿದರು. ಲೋಕಾಯುಕ್ತ ಅಂದರೆ ಏನು ಅಂತ ಹಳ್ಳಿಯ ಅಜ್ಜಿಗೂ ಗೊತ್ತಾಯಿತು. ಅವರ ನಂತರ ಸಂತೋಷ್ ಹೆಗ್ಡೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಅವರ ವರದಿ ಬಂತು. ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಟ್ಟರು.

ಆಗಲೇ ವಿಧಾನಸೌಧಕ್ಕೆ ಜ್ಞಾನೋದಯವಾಗಿದ್ದು. ಲೋಕಾಯುಕ್ತರು ಇರಬೇಕು, ಆದರೆ ಕೂತಿರಬಾರದು!

ಮುಂದಿನ ಲೋಕಾಯುಕ್ತರು ನಿವೇಶನ ಪಡೆದ ಗಲಾಟೆಯಲ್ಲಿ ಎರಡು ತಿಂಗಳೂ ತುಂಬದೆ ರಾಜೀನಾಮೆ ಕೊಟ್ಟರು. 2011ರ ಸೆಪ್ಟೆಂಬರ್‌ನಿಂದ 2013ರ ಫೆಬ್ರವರಿವರೆಗೆ ಕುರ್ಚಿ ಖಾಲಿ. ಸರ್ಕಾರ ಹೇಳಿದ ಹೆಸರು ರಾಜ್ಯಪಾಲರಿಗೆ ಒಪ್ಪಿಗೆಯಿಲ್ಲ, ಬೇರೆ ಹೆಸರು ಸರ್ಕಾರಕ್ಕೆ ಬೇಕಿಲ್ಲ. ಕೊನೆಗೂ ಒಬ್ಬರು ಬಂದರು. 2015ರಲ್ಲಿ ಲೋಕಾಯುಕ್ತದ ಹೆಸರಲ್ಲೇ ವಸೂಲಿ ನಡೆದ ಆರೋಪ ಎದ್ದು, ಲೋಕಾಯುಕ್ತರ ಮಗನ ಬಂಧನವೂ ಆಯಿತು. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಿ ಅಂತ ಬೋರ್ಡು ಹಾಕಿದ್ದರಲ್ಲ, ಈಗ ಎಲ್ಲಿಗೆ ಹೋಗೋದು? ಡಿಸೆಂಬರ್‌ನಲ್ಲಿ ಅವರ ರಾಜೀನಾಮೆ. ಮತ್ತೆ ವರ್ಷಕ್ಕೂ ಜಾಸ್ತಿ ಕುರ್ಚಿ ಖಾಲಿ.

ಅದೇ ಹೊತ್ತಿಗೆ, 2016ರ ಮಾರ್ಚ್‌ನಲ್ಲಿ, ಸಿದ್ದರಾಮಯ್ಯ ಸರ್ಕಾರ ಎಸಿಬಿ ಹುಟ್ಟಿಸಿ ಲೋಕಾಯುಕ್ತ ಪೊಲೀಸರ ಕೆಲಸವನ್ನು ಅದಕ್ಕೆ ಕೊಟ್ಟಿತು. ನೆಗಡಿ ಬಂತು ಅಂತ ಮೂಗು ಕೊಯ್ದರು. ಕೊಯ್ದ ಮೂಗನ್ನು ಮುಖ್ಯಮಂತ್ರಿಗಳ ಕೈಕೆಳಗೇ ಇಟ್ಟುಕೊಂಡರು, ಬೇಡದ ವಾಸನೆ ಬರಬಾರದಲ್ವಾ! ಇದನ್ನು ಕಿತ್ತುಹಾಕ್ತೀವಿ ಅಂದಿದ್ದ ಬಿಜೆಪಿ 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಅದೇ ಮೂಗನ್ನು ಜೋಪಾನವಾಗಿ ನೋಡಿಕೊಂಡಿತು. ಈ ಒಂದು ವಿಷಯದಲ್ಲಿ ಮಾತ್ರ ಪಕ್ಷಭೇದ ಇಲ್ಲ ಕಣ್ರೀ. ಕೊನೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ಎಸಿಬಿ ರದ್ದು ಮಾಡಿ, ಕೇಸುಗಳನ್ನು ಲೋಕಾಯುಕ್ತಕ್ಕೆ ವಾಪಸ್ ಕಳಿಸಬೇಕಾಯಿತು.

ಈಗ ಎಲ್ಲ ಸರಿಯಾಯಿತಾ? ದೂರು ಕೊಡಿ ನೋಡೋಣ. ನಮೂನೆ ತುಂಬಬೇಕು, ಜೊತೆಗೆ ಪ್ರಮಾಣಪತ್ರ ಬೇಕು. ನೋಟರಿ ಹತ್ತಿರ ಸ್ಟಾಂಪು ಒತ್ತಿಸಿ, ನಾನು ಹೇಳಿದ್ದೆಲ್ಲ ಸತ್ಯ ಅಂತ ಆಣೆ ಮಾಡಬೇಕು. ಲಂಚ ತಗೊಂಡವನು ಯಾರ ಮುಂದೂ ಆಣೆ ಮಾಡಬೇಕಿಲ್ಲ. ಪುಡಿ ಹಚ್ಚಿದ ನೋಟು ಕೊಟ್ಟು ಹಿಡಿಯುವ ಟ್ರ್ಯಾಪ್‌ನಲ್ಲಿ ಅವನು ಸಿಕ್ಕಿಬಿದ್ದರೂ, ದ್ರಾವಣದಲ್ಲಿ ಕೈ ಅದ್ದಿಸಿದಾಗ ಬೆರಳು ಗುಲಾಬಿ ಬಣ್ಣಕ್ಕೆ ತಿರುಗಿದರೂ, ಕೋರ್ಟು ವಿಚಾರಣೆ ಶುರು ಮಾಡೋಕೆ ಸರ್ಕಾರದ ಅನುಮತಿ ಬೇಕು. ಅಂದರೆ, ನಿಮ್ಮ ಹುಡುಗ ಕದ್ದಿದ್ದಾನೆ, ಕೇಸು ನಡೆಸಬಹುದಾ ಸ್ವಾಮಿ ಅಂತ ಹುಡುಗನ ಮನೆಯವರನ್ನೇ ಕೇಳಬೇಕು.

ಲೋಕಾಯುಕ್ತ ಕಚೇರಿ ಇರೋದು ಎಂ.ಎಸ್. ಬಿಲ್ಡಿಂಗ್‌ನಲ್ಲಿ. ವಿಧಾನಸೌಧ ಅಲ್ಲೇ ಪಕ್ಕ, ಕಾಲ್ನಡಿಗೆ ದೂರ. ಆದರೆ ಫೈಲಿಗೆ ಮಂಡಿನೋವು. ಅದು ಒಂದೊಂದೇ ಟೇಬಲ್ ದಾಟುವಷ್ಟರಲ್ಲಿ ಸಾಹೇಬರ ಅಮಾನತು ಮುಗಿದಿರುತ್ತದೆ, ಬಡ್ತಿ ಬಂದಿರುತ್ತದೆ, ನಿವೃತ್ತಿಯೂ ಹತ್ತಿರವಾಗಿರುತ್ತದೆ. ಬೀಳ್ಕೊಡುಗೆ ದಿನ ಶಾಲು, ಹಾರ, ಮೈಸೂರು ಪೇಟ ಎಲ್ಲ ಇರುತ್ತೆ. ಪೇಟ ತೊಡಿಸೋರು ಯಾರು ಅಂತೀರಾ? ಅನುಮತಿ ಫೈಲಿಗೆ ಸಹಿ ಹಾಕಬೇಕಿದ್ದ ದೊಡ್ಡ ಸಾಹೇಬರೇ.